ಸೀಸೆಯ ಮೇಲೆ ಅಂಟಣ್ಣ

ಅಂಟಣ್ಣನ ಮಾವ ಅಂಟಣ್ಣನ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಗಿ ಮಾತು ಬಿಟ್ಟಿದ್ದರು ಎಂದುಕೊಳ್ಳಬೇಡಿ. ಜಗಳ ಆಡಬೇಕಾದರೂ ಒಬ್ಬರಿಗೊಬ್ಬರು ನಾಲ್ಕು ಮಾತಾದರೂ ಆಡಬೇಕಷ್ಟೆ. ಮದುವೆಯಾದ ದಿನದಿಂದ ಅವರು ಅಳಿಯನಿಗೆ ಹೇಳಬೇಕಾದದ್ದನ್ನೆಲ್ಲ ಮಗಳಿಗೆ ಹೇಳುತ್ತಿದ್ದರು. ಅಳಿಯ ಎದುರಿನ ಕುರ್ಚಿಯಲ್ಲೇ ಕೂತಿದ್ದರೂ, "ನಿನ್ನ ಗಂಡನಿಗೆ ಹೇಳಮ್ಮ, ಆ ಫ್ಯಾನ್ ಹಾಕೋಕೆ" ಎನ್ನುತ್ತಿದ್ದರು. ಮಗಳು ಅಡುಗೆಮನೆಯಲ್ಲಿದ್ದರೆ ಗೋಡೆಗೆ ಹೇಳುತ್ತಿದ್ದರು. ಗೋಡೆ ಫ್ಯಾನ್ ಹಾಕುವುದಿಲ್ಲವಾದ್ದರಿಂದ ಅಂಟಣ್ಣನೇ ಎದ್ದು ಹಾಕುತ್ತಿದ್ದ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರ ಸ್ಕೂಟರ್ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಅಂಗಡಿಯವರು ತಕ್ಕಡಿಯ ತಟ್ಟೆಗೆ ಕೆಳಗಿಂದ ಮೆತ್ತಿದ್ದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಚಿಟಿಕೆಯಷ್ಟು ಕಡಿಮೆ ತೂಗಿದವನನ್ನೂ ಅವರು ಸುಮ್ಮನೆ ಬಿಟ್ಟವರಲ್ಲ. ಅಂಥವರು ತಮ್ಮ ಜೀವಮಾನದಲ್ಲಿ ಒಂದೇ ಸಲ, ಮಗಳಿಗೆ ಗಂಡು ಆರಿಸುವಾಗ, ತೂಕದಲ್ಲಿ ಮೋಸಹೋದೆ ಎಂದು ನಂಬಿದ್ದರು. ಹುಡುಗ ಕಂಪನಿಯೊಂದರಲ್ಲಿ ವಿಭಾಗದ ಮುಖ್ಯಸ್ಥ ಎಂದು ಯಾರೋ ಹೇಳಿದ್ದರು. ಯಾವ ವಿಭಾಗ ಎಂದು ಕೇಳುವುದು ಮರೆತುಹೋಗಿತ್ತು. ಅದು ಲೇಬಲ್ ಅಂಟಿಸುವ ವಿಭಾಗ, ಅಲ್ಲಿ ಮುಖ್ಯಸ್ಥನೂ ಸಿಬ್ಬಂದಿಯೂ ಇವನೊಬ್ಬನೇ ಎಂಬುದು ಮದುವೆಯಾದ ಮೇಲೆ ಬಯಲಾಯಿತು. ಅಂಟಣ್ಣ ಎಂಬ ಹೆಸರು ಹುಟ್ಟಿದ್ದೂ ಆ ವಿಭಾಗದಲ್ಲೇ. ನಿಜವಾದ ಹೆಸರನ್ನು ಹೆಂಡತಿಯೂ ಮರೆಯುತ್ತ ಬಂದಿದ್ದಳು.

ಕಂಪನಿ ತಯಾರಿಸುತ್ತಿದ್ದದ್ದು ಪೆಪ್ಟೈಡು. ಪೆಪ್ಟೈಡು ಎಂದರೆ ಪ್ರೋಟೀನಿನ ಪುಟ್ಟ ತುಣುಕು. ಜೀವಕೋಶಗಳ ಮೇಲೆ ಅದನ್ನು ಹಾಕಿ ಏನಾಗುತ್ತದೆಂದು ನೋಡಲು ಪ್ರಯೋಗಾಲಯದವರು ಕೊಳ್ಳುತ್ತಾರೆ. ಹೆಬ್ಬೆರಳಿನಷ್ಟು ಗಾಜಿನ ಸೀಸೆ, ತಳದಲ್ಲಿ ಕಂಡೂ ಕಾಣದಷ್ಟು ಬಿಳಿ ಪುಡಿ. ಸೀಸೆ ಖಾಲಿ ಬಂದಿದೆ ಎಂದು ಆಗಾಗ ಯಾರಾದರೂ ಫೋನ್ ಮಾಡಿ ಕೂಗಾಡುತ್ತಿದ್ದರು. ಪುಡಿ ಬಲು ನವಿರು, ಗಾಜಿಗೆ ಮೆತ್ತಿಕೊಂಡಿರುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ ಎಂದು ಆಫೀಸಿನವರು ಸಮಾಧಾನ ಹೇಳುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ. ಪ್ರತಿಯೊಂದು ಸೀಸೆಯ ಮೇಲೂ, ಡಬ್ಬಿಯ ಮೇಲೂ ಕೆಂಪಕ್ಷರದ ಒಂದು ಸಾಲಿತ್ತು: 'ಸಂಶೋಧನೆಗೆ ಮಾತ್ರ. ಮನುಷ್ಯರ ಬಳಕೆಗಲ್ಲ.' ಆ ಸಾಲನ್ನು ಅಂಟಣ್ಣ ತನ್ನ ಕೈಯಾರೆ ಎಷ್ಟು ಸಲ ಅಂಟಿಸಿದ್ದನೆಂದರೆ, ಈಗ ಅದು ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಇಂಥ ಕಂಪನಿಗೆ ವೈಜ್ಞಾನಿಕ ಸಲಹೆಗಾರರ ಮಂಡಳಿ ಇರಬೇಕು. ಇತ್ತು. ವೆಬ್‌ಸೈಟಿನಲ್ಲಿ ಮೂರು ದುಂಡು ಚೌಕಟ್ಟು, ಅವುಗಳಲ್ಲಿ ಮೂರು ಗಂಭೀರ ಮುಖ, ಕೆಳಗೆ 'ನಮ್ಮ ಗುಣಮಟ್ಟದ ಕಾವಲುಗಾರರು' ಎಂಬ ಒಕ್ಕಣೆ. ಮೊದಲನೆಯವರು ಎಲ್ಲೋ ದೂರದ ವಿಶ್ವವಿದ್ಯಾಲಯದಲ್ಲಿದ್ದು, ಏನು ಕಳಿಸಿದರೂ ಮೊಬೈಲಿನಲ್ಲಿ ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದರು. ಎರಡನೆಯವರು ತೀರಿಕೊಂಡು ಬಹಳ ಕಾಲವಾಗಿತ್ತು. ಆದರೆ ಅವರಷ್ಟು ತಕರಾರಿಲ್ಲದ ಸಲಹೆಗಾರರು ಸಿಗುವುದು ಕಷ್ಟವೆಂದು ಮಾಲೀಕರು ಫೋಟೊ ಉಳಿಸಿಕೊಂಡಿದ್ದರು. ಮೂರನೆಯವರು ಮಾತ್ರ ನೋಡದೆ ಸಹಿ ಹಾಕುವುದಿಲ್ಲ ಎನ್ನುವ ಕೆಟ್ಟ ಚಾಳಿಯವರು. ಅವರು ಸಿಟ್ಟುಮಾಡಿಕೊಂಡು ರಾಜೀನಾಮೆ ಕೊಟ್ಟುಹೋದ ಮೇಲೆ ಮೂರನೆಯ ಚೌಕಟ್ಟು ಖಾಲಿಯಾಗಿ, ವೆಬ್‌ಸೈಟು ಹಲ್ಲುದುರಿದ ಬಾಯಿಯಂತೆ ಕಾಣತೊಡಗಿತು.

ಅದೇ ವಾರ ಯಂತ್ರಗಳ ಚಿತ್ರ ತೆಗೆಯಲು ಫೋಟೊದವನು ಬಂದಿದ್ದ. ಬೆಳಕು ಸರಿಯಾಗಿದೆಯೇ ನೋಡಲು ಯಾರಾದರೂ ಬಂದು ನಿಲ್ಲಿ ಎಂದ. ಕೈ ಖಾಲಿ ಇದ್ದವನು ಅಂಟಣ್ಣ. ಅವನಿಗೆ ಯಾರದೋ ಬಿಳಿ ಕೋಟು ತೊಡಿಸಿ, ಕೈಗೊಂದು ಸೀಸೆ ಕೊಟ್ಟರು. ಸೀಸೆ ಕೈಗೆ ಬಂದರೆ ಅಂಟಣ್ಣ ಮಾಡುವ ಕೆಲಸ ಒಂದೇ, ಲೇಬಲ್ ಸೊಟ್ಟಗಿದೆಯೇ ಎಂದು ನೋಡುವುದು. ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ತುಟಿ ಬಿಗಿಹಿಡಿದು ನೋಡಿದ. ಸೊಟ್ಟಗಿತ್ತು. ಅವನ ಮುಖದಲ್ಲಿ ವಿಷಾದ ಮೂಡಿತು. ಆ ವಿಷಾದ ಫೋಟೊದಲ್ಲಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಮನುಕುಲದ ರೋಗರುಜಿನಗಳನ್ನೆಲ್ಲ ನೆನೆದು ಮರುಗುತ್ತಿರುವ ಮಹಾವಿಜ್ಞಾನಿಯಂತೆ ಕಾಣುತ್ತಿದ್ದ.

ಮಾರನೆಯ ಬೆಳಿಗ್ಗೆ ಮೂರನೆಯ ಚೌಕಟ್ಟಿನಲ್ಲಿ ಅಂಟಣ್ಣ ಕೂತಿದ್ದ. ಕೆಳಗೆ 'ಹಿರಿಯ ವೈಜ್ಞಾನಿಕ ಸಲಹೆಗಾರರು, ಗುಣಮಟ್ಟ' ಎಂದಿತ್ತು. ಓಡಿಹೋಗಿ ಕೇಳಿದ್ದಕ್ಕೆ ಮಾಲೀಕರು, ಬೇರೆಯವರು ಸಿಗುವತನಕ ಮಾತ್ರ, ನೀನೇನೂ ಮಾಡಬೇಕಾಗಿಲ್ಲ, ಉಳಿದವರು ಸಹಿ ಹಾಕಿದ ಕಡೆ ನಿನ್ನದೂ ಒಂದು ಹಾಕು ಎಂದರು. ಉಳಿದವರಲ್ಲಿ ಒಬ್ಬರು ಹೆಬ್ಬೆರಳು, ಇನ್ನೊಬ್ಬರು ಇಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅಂಟಣ್ಣನಿಗಿರಲಿಲ್ಲ.

ವಠಾರಕ್ಕೆ ಸುದ್ದಿ ಮುಟ್ಟಿದ್ದು ಅವನು ಮನೆ ಮುಟ್ಟುವುದಕ್ಕೂ ಮೊದಲೇ. ಹೆಂಡತಿ ಬಾಗಿಲಲ್ಲಿ ಗರಬಡಿದವಳಂತೆ ನಿಂತಿದ್ದಳು. ಬೆಳಿಗ್ಗೆ ತಾನು ಈರುಳ್ಳಿ ತಂದಿಲ್ಲವೆಂದು ಬೈದದ್ದು ಒಬ್ಬ ವಿಜ್ಞಾನಿಯನ್ನು ಎಂಬ ಆಘಾತದಿಂದ ಅವಳಿನ್ನೂ ಹೊರಬಂದಿರಲಿಲ್ಲ. ಮನೆ ಒಡತಿ ಹಾಲಿನ ಪಾತ್ರೆ ಹಿಡಿದು ಬಂದು ಇದರಲ್ಲಿ ನೀರಿದೆಯೇ ನೋಡಿ ಹೇಳಿ ಎಂದಳು. ಮೇಲಿನ ಮನೆಯವನು ನಲ್ಲಿಯ ನೀರು ತಂದು ಇದರಲ್ಲಿ ಏನೇನಿದೆ ಎಂದು ಕೇಳಿದ. ಕ್ಷೌರದಂಗಡಿಯವನಂತೂ ಕೂದಲೆಣ್ಣೆಯ ಬಾಟಲಿ ಕೊಟ್ಟು, ಒಂದು ಮಾತು 'ಒಳ್ಳೆಯದು' ಅಂದುಬಿಡಿ ಸಾರ್, ಬೋರ್ಡಿಗೆ ಬರೆಸ್ತೀನಿ ಎಂದು ಕೈಹಿಡಿದುಕೊಂಡ. ನಾನು ಅಂಥವನಲ್ಲ ಎಂದು ಹೇಳಲು ಅಂಟಣ್ಣ ಎರಡು ಸಲ ಬಾಯಿ ತೆರೆದ. ಅಷ್ಟರಲ್ಲಿ ಕೈಗೆ ಬಂದ ಪಾತ್ರೆ ತಾನಾಗಿಯೇ ಬೆಳಕಿನ ಕಡೆಗೆ ಏರಿತು, ಹುಬ್ಬು ಗಂಟಿಕ್ಕಿತು, ತುಟಿ ಬಿಗಿಯಿತು. "ಪರವಾಗಿಲ್ಲ" ಎಂದ. ಎಲ್ಲರೂ ನಿಟ್ಟುಸಿರು ಬಿಟ್ಟರು.

ಸಂಜೆ ಮಾವನ ಫೋನು ಬಂತು. ಹೆಂಡತಿ ಎಂದಿನಂತೆ ಕಿವಿಗಿಟ್ಟುಕೊಂಡಳು, ಒಂದು ಕ್ಷಣ ಕೇಳಿದಳು, ಆಮೇಲೆ ಬೆಪ್ಪಾಗಿ ಫೋನನ್ನು ಗಂಡನ ಕಡೆಗೆ ಚಾಚಿದಳು.

"ನಿಮಗಂತೆ" ಎಂದಳು.

ಅಂಟಣ್ಣ ಎದ್ದುನಿಂತು ಫೋನು ತೆಗೆದುಕೊಂಡ. ಅತ್ತಲಿಂದ ಕೆಮ್ಮಿದ ಸದ್ದು, ನಂತರ ಅವನು ಇಷ್ಟು ವರ್ಷದಲ್ಲಿ ಕೇಳದಿದ್ದ ಒಂದು ಪದ ಬಂತು. "ಅಳಿಯಂದ್ರೇ," ಎಂದರು ಮಾವ, "ಊಟ ಆಯ್ತಾ?"

ಊಟವಾಗಿರಲಿಲ್ಲ. ಆಯಿತು ಎಂದ. ಆ ರಾತ್ರಿ ಊಟ ಮಾಡುವುದೂ ಮರೆತುಹೋಯಿತು. ಬೇರೆ ಸಲಹೆಗಾರ ಸಿಗುವತನಕ ಎಂದು ಮಾಲೀಕರು ಹೇಳಿದ್ದರಲ್ಲ, ಆ ಬೇರೆ ಸಲಹೆಗಾರ ಇನ್ನೂ ಹುಟ್ಟದೇ ಇರಲಿ ಎಂದು ಅವನು ಮನಸಾರೆ ಬೇಡಿಕೊಂಡ.

ಇನ್ನು ಸಹಿಯ ವಿಚಾರ. ಪ್ರತಿ ತಂಡದ, ಅಂದರೆ ಒಂದು ಸಲಕ್ಕೆ ತಯಾರಾದ ಬ್ಯಾಚಿನ, ಪುಡಿಯನ್ನೂ ಪರೀಕ್ಷಾ ಯಂತ್ರದಲ್ಲಿ ಹಾಯಿಸಿದಾಗ ಅದು ಕಾಗದದ ಮೇಲೆ ಗೆರೆಯೊಂದನ್ನು ಎಳೆಯುತ್ತದೆ. ಲ್ಯಾಬಿನ ಮೇಡಂ ಒಮ್ಮೆ ಅವಸರದಲ್ಲಿ ಹೋಗುತ್ತ ಅವನಿಗೆ ವಿವರಿಸಿದ್ದರು: ನಡುವೆ ಎದ್ದು ನಿಂತ ಎತ್ತರದ ಗೋಪುರ ನಮ್ಮ ಪೆಪ್ಟೈಡು, ಅಕ್ಕಪಕ್ಕದಲ್ಲಿ ಚಿಕ್ಕಪುಟ್ಟ ಉಬ್ಬುಗಳು ಕಂಡರೆ ಅವು ಕಲಬೆರಕೆ. ಅಂಟಣ್ಣನ ತಲೆಯಲ್ಲಿ ಉಳಿದದ್ದು ಉಬ್ಬು ಇದ್ದರೆ ಕಲಬೆರಕೆ ಎಂಬ ಅರ್ಧ ಮಾತ್ರ. ಹಾಗೆಂದು ಅವನು ಬೇಜವಾಬ್ದಾರಿಯ ಮನುಷ್ಯನಲ್ಲ. ಭೂತಗನ್ನಡಿ ಹಿಡಿದು ಪ್ರತಿಯೊಂದು ಗೆರೆಯನ್ನೂ ನೋಡುತ್ತಿದ್ದ, ಪ್ರತಿಯೊಂದರಲ್ಲೂ ದೊಡ್ಡದೊಂದು ಉಬ್ಬು ಕಂಡು ಒಳಗೊಳಗೇ ಹೌಹಾರುತ್ತಿದ್ದ, ಉಳಿದವರೆಲ್ಲ ಸುಮ್ಮನಿರುವಾಗ ನನಗೇಕೆ ಎಂದು ಸಹಿ ಹಾಕುತ್ತಿದ್ದ.

ಒಂದು ದಿನ ಅವನ ಕೈಗೆ ಬಂದ ಗೆರೆಯಲ್ಲಿ ಉಬ್ಬೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಇಸ್ತ್ರಿ ಹಾಕಿದಂತೆ ಮಟ್ಟಸ. ಅಂಟಣ್ಣನ ಕಣ್ಣಲ್ಲಿ ನೀರಾಡಿತು. ಕೊನೆಗೂ ಒಂದು ತಂಡ ಶುದ್ಧವಾಗಿ ಬಂತಲ್ಲ ಎಂದುಕೊಂಡು, ಬರೀ ಸಹಿ ಸಾಲದೆಂದು, ಸಲಹೆಗಾರರ ಅಭಿಪ್ರಾಯದ ಜಾಗದಲ್ಲಿ ದುಂಡಗೆ ಬರೆದ: 'ಇಂಥ ಶುದ್ಧತೆಯನ್ನು ನಾನು ಈವರೆಗೆ ಕಂಡಿಲ್ಲ.' ಲ್ಯಾಬಿನವರು ಸಲಹೆಗಾರರು ನೋಡಿದ್ದಾರಲ್ಲ ಎಂದು ನೋಡಲಿಲ್ಲ. ಮಾಲೀಕರು ಲ್ಯಾಬಿನವರು ನೋಡಿದ್ದಾರಲ್ಲ ಎಂದು ನೋಡಲಿಲ್ಲ. ದೂರದಿಂದ ಹೆಬ್ಬೆರಳು ಬಂತು.

ಇಷ್ಟು ಒಳ್ಳೆಯ ತಂಡವನ್ನು ಹಾಗೇ ಕಳಿಸುವುದುಂಟೇ? ಮಾಲೀಕರು ಸಲಹೆಗಾರರ ಮುಖವಿರುವ ದುಂಡು ಸ್ಟಿಕ್ಕರ್ ಮಾಡಿಸಿ ಅಂಟಣ್ಣನಿಗೇ ಕೊಟ್ಟರು. ಡಬ್ಬಿಯ ಮೇಲೂ ಸೀಸೆಯ ಮೇಲೂ ಜಾಗವೆಲ್ಲಿದೆ? ಹೆಸರು, ತೂಕ, ತಾರೀಕು, ಕಂಪನಿಯ ಗುರುತು ಎಲ್ಲ ಒತ್ತೊತ್ತಾಗಿದ್ದವು. ಕೆಳಗೆ ಕೆಂಪಕ್ಷರದ ಒಂದು ಸಾಲು ಮಾತ್ರ ಯಾರಿಗೂ ಬೇಡವಾದಂತೆ ಬಿದ್ದಿತ್ತು. ಅಂಟಣ್ಣ ಅದರ ಮೇಲೆ ತನ್ನ ಮುಖವನ್ನು ನೆಟ್ಟಗೆ, ನೀಟಾಗಿ, ಬೆರಳಿಂದ ಒತ್ತಿ ಒತ್ತಿ ಅಂಟಿಸಿದ. ಮಾಲೀಕರು ಮೆಚ್ಚಿ ಸೀಸೆಗಳು ತುಂಬಿದ ಒಂದು ದೊಡ್ಡ ಡಬ್ಬಿಯನ್ನು ನೆನಪಿಗೆಂದು ಅವನಿಗೇ ಕೊಟ್ಟರು. ಹೆಂಡತಿ ಅದನ್ನು ಅಪ್ಪನಿಗೆ ತೋರಿಸಿ ಬರುತ್ತೇನೆಂದು ತವರಿಗೆ ಹೊತ್ತುಕೊಂಡು ಹೋದಳು. ಬರುವಾಗ ಕೈ ಬೀಸಿಕೊಂಡು ಬಂದಳು. ಅಪ್ಪ ಮೇಜಿನ ಮೇಲೆ ಇಟ್ಟುಕೊಂಡು ನೋಡುತ್ತ ಕೂತಿದ್ದಾರೆ, ಕೇಳಲು ಮನಸ್ಸಾಗಲಿಲ್ಲ ಎಂದಳು. ಅಂಟಣ್ಣ ಹಿಗ್ಗಿಹೋದ.

ಕೆಲವು ವಾರ ಕಳೆದು ಒಂದು ರಜೆಯ ಬೆಳಿಗ್ಗೆ ಗಂಡಹೆಂಡತಿ ಮಾವನ ಮನೆಗೆ ಹೋದರು. ಮನೆ ಮೊದಲನೆಯ ಮಹಡಿಯಲ್ಲಿ. ಮಾವನಿಗೆ ಮೊಣಕಾಲು ನೋವು. ಊರುಗೋಲಿಲ್ಲದೆ ಬಚ್ಚಲಿಗೂ ಹೋಗುತ್ತಿರಲಿಲ್ಲ. ಕರೆಗಂಟೆ ಒತ್ತಿದರೆ ಬಾಗಿಲು ತೆರೆಯಲು ಅವರಿಗೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕಿತ್ತು. ಅಂಟಣ್ಣ ಗಂಟೆಯಿಂದ ಬೆರಳು ತೆಗೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಮಾವ ಬರಿಗೈಯಲ್ಲಿ ನಿಂತಿದ್ದರು.

"ಬನ್ನಿ ಅಳಿಯಂದ್ರೇ. ನೋಡಿ, ನಿಮ್ಮ ಕೈಗುಣ" ಎಂದು ಅವರು ಎರಡು ಸಲ ಕೂತು ಎದ್ದು ತೋರಿಸಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ಅಂಟಣ್ಣನಿಗೆ ಅರ್ಥವಾಗಲಿಲ್ಲ. ಒಳಗೆ ಹೋದ ಮೇಲೆ ಆಯಿತು. ಮೇಜಿನ ಮೇಲೆ ಅವನ ಮುಖವಿದ್ದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಕೆಳಮನೆಯ ನಿವೃತ್ತ ಕಾಂಪೌಂಡರ್ ಕೂತು, ಅಂಟಣ್ಣನ ಮುಖವಿದ್ದ ಪುಟ್ಟ ಸೀಸೆಯೊಳಗೆ ಸಿರಿಂಜಿನಿಂದ ಇಂಜೆಕ್ಷನ್ನಿನ ನೀರು ಬಿಟ್ಟು ಅಲ್ಲಾಡಿಸುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಖಾಲಿ ಸೀಸೆಗಳ ಸಾಲು ನಿಂತಿತ್ತು, ಅವುಗಳಿಂದ ಸಾಲುಸಾಲು ಅಂಟಣ್ಣಂದಿರು ವಿಷಾದದಿಂದ ನೋಡುತ್ತಿದ್ದರು.

ಅಳಿಯಂದಿರು ಮೊಣಕಾಲಿಗೆಂದೇ ಕಳಿಸಿದ ಔಷಧ, ದಿನಾ ಬೆಳಿಗ್ಗೆ ಒಂದು ಸೂಜಿ ಎಂದು ಮಾವ ಹೆಮ್ಮೆಯಿಂದ ಹೇಳಿದರು. ಮೊದಲ ದಿನ ಕಾಂಪೌಂಡರು ಸೀಸೆ ಖಾಲಿ ಇದ್ದ ಹಾಗಿದೆಯಲ್ಲ ಸಾರ್ ಎಂದು ರಾಗ ಎಳೆದರಂತೆ. ನಮ್ಮ ಅಳಿಯಂದಿರ ಕೆಲಸ ಅಷ್ಟು ನವಿರು, ನಿಮ್ಮಂಥವರ ಕಣ್ಣಿಗೆಲ್ಲ ಕಾಣೋದಿಲ್ಲ ಎಂದು ಮಾವ ಅವರ ಬಾಯಿ ಮುಚ್ಚಿಸಿದ್ದರಂತೆ.

ಎಷ್ಟೋ ವರ್ಷ ಅಂಟಣ್ಣನ ಕಣ್ಣಿಗೆ ಬೀಳದಿದ್ದ ಆ ಕೆಂಪು ಸಾಲು ಈಗ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಬಾಯಿ ಬಿಟ್ಟರೆ 'ಅಳಿಯಂದ್ರೇ' ಹೋಗುತ್ತದೆ. ಬಿಡದಿದ್ದರೆ ಮಾವನೇ ಹೋಗುತ್ತಾರೆ. ಅವನು ಯೋಚಿಸಿದ್ದು ಒಂದೇ ಕ್ಷಣ, ಆದರೆ ಯೋಚಿಸಿದ ಎಂಬುದನ್ನು ಮುಚ್ಚಿಡುವುದು ಬೇಡ. ಆಮೇಲೆ ಹಾರಿ ಕಾಂಪೌಂಡರ ಕೈಯಿಂದ ಸಿರಿಂಜು ಕಿತ್ತುಕೊಂಡ.

"ಮಾವ, ಇದು ಮನುಷ್ಯರಿಗೆ ಕೊಡೋದಲ್ಲ. ನಾನು ವಿಜ್ಞಾನಿ ಅಲ್ಲ. ಈಗಲೂ ಲೇಬಲ್ ಅಂಟಿಸೋನೇ."

ಮಾವ ಕಾಂಪೌಂಡರ ಮುಖ ನೋಡಿದರು, ಕಾಂಪೌಂಡರು ಮಾವನ ಮುಖ ನೋಡಿದರು. ಇಬ್ಬರೂ ಮುಗುಳ್ನಕ್ಕರು. ದೊಡ್ಡವರು ಯಾವತ್ತೂ ಹೀಗೇ, ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ ಎಂದು ಕಾಂಪೌಂಡರು ತಲೆದೂಗಿದರು. ಅಂಟಣ್ಣ ತಾನು ಪರೀಕ್ಷೆಯಲ್ಲಿ ವಿಜ್ಞಾನಕ್ಕೇ ನಪಾಸಾದದ್ದನ್ನು ಹೇಳಿದ. ಅವರಿಗೆ ಅವನ ಮೇಲಿದ್ದ ಗೌರವ ಇಮ್ಮಡಿಯಾಯಿತು. ಚೌಕಟ್ಟು ಖಾಲಿಯಿತ್ತು, ಅದಕ್ಕೆ ತನ್ನನ್ನು ಹಾಕಿದರು ಎಂದ. ಸುಮ್ಮಸುಮ್ಮನೆ ಯಾರನ್ನಾದರೂ ಹಾಕುತ್ತಾರೆಯೇ ಎಂದು ಮಾವ ಕೇಳಿದರು. ಅದಕ್ಕೆ ಉತ್ತರ ಹೇಳಲು ಕಂಪನಿಯ ಇಡೀ ಚರಿತ್ರೆಯನ್ನೇ ಹೇಳಬೇಕಾಗಿತ್ತು.

ಮಾತಿನಿಂದ ಆಗದೆಂದು ಅಂಟಣ್ಣ ಡಬ್ಬಿ ಎತ್ತಿಕೊಂಡು ತನ್ನ ಮುಖವನ್ನು ಉಗುರಿನಿಂದ ಕೀಳತೊಡಗಿದ. ಅಂಟಿಸಿದವನು ತಾನೇ ಅಲ್ಲವೇ, ಅದು ಸುಲಭಕ್ಕೆ ಬಿಡುತ್ತದೆಯೇ? ಮೊದಲು ಒಂದು ಕಿವಿ ಬಂತು. ಆಮೇಲೆ ಗದ್ದದ ಒಂದು ಚೂರು. ಹೆಂಡತಿ ಬಟ್ಟೆ ಒದ್ದೆ ಮಾಡಿ ತಂದಳು. ಒರೆಸಿ, ಕೆರೆದು, ಬಾಯಿಂದ ಊದಿ, ಕೊನೆಗೂ ಅರ್ಧ ಮುಖ ಕಳಚಿ ಬಿದ್ದಾಗ ಅದರಡಿಯಿಂದ ಕೆಂಪಕ್ಷರಗಳು ಎದ್ದುಬಂದವು: '...ಷ್ಯರ ಬಳಕೆಗಲ್ಲ.'

ಮಾವ ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ನಿಧಾನವಾಗಿ ಕುರ್ಚಿಯೊಳಕ್ಕೆ ಕುಸಿದರು. ಕಾಂಪೌಂಡರು ಸೂಜಿಗಳನ್ನೆಲ್ಲ ಜೇಬಿಗೆ ತುಂಬಿಕೊಂಡು, ತಾನು ಇಲ್ಲಿಗೆ ಚಹಾ ಕುಡಿಯಲು ಬಂದವನು ಎಂಬಂತೆ ಕಿಟಕಿಯಾಚೆ ನೋಡತೊಡಗಿದರು. ಮಾವನಿಗೆ ಇದ್ದಕ್ಕಿದ್ದಂತೆ ಎದೆಯಲ್ಲಿ ಏನೋ ಹಿಡಿದುಕೊಂಡಿತು. ಎಡಗಣ್ಣು ಮಂಜಾಯಿತು. ನಾಲಿಗೆ ದಪ್ಪಗಾಯಿತು, ಹಾಗೆಂದು ಅವರು ಸ್ಪಷ್ಟವಾಗಿ ಹೇಳಿದರು. ಮೊಣಕಾಲಂತೂ ಹಳೆಯ ಬಾಕಿಯನ್ನೆಲ್ಲ ಸೇರಿಸಿ ಒಟ್ಟಿಗೇ ನೋಯತೊಡಗಿತು. "ನನ್ನ ಊರುಗೋಲು ಎಲ್ಲಿ?" ಎಂದು ಕೇಳಿದರು. ಮಗಳು ಅಳುತ್ತ ಅದನ್ನು ಹುಡುಕಿ ತಂದು ಕುರ್ಚಿಗೆ ಒರಗಿಸಿದಳು.

ಅಂಟಣ್ಣ ಲ್ಯಾಬಿನ ಮೇಡಂಗೆ ಫೋನ್ ಮಾಡಿದ. ಅವಸರದಲ್ಲಿ ಸ್ಪೀಕರ್ ಗುಂಡಿ ಒತ್ತಿಹೋಗಿ ಇಡೀ ಕೋಣೆಗೆ ಕೇಳಿಸತೊಡಗಿತು. ನಮ್ಮ ಪೆಪ್ಟೈಡನ್ನು ಮನುಷ್ಯರೊಬ್ಬರು ಚುಚ್ಚಿಸಿಕೊಂಡಿದ್ದಾರೆ, ಏನಾಗುತ್ತದೆ ಎಂದು ಕೇಳಿದ. ಯಾವ ತಂಡದ್ದು ಎಂದು ಮೇಡಂ ಕೇಳಿದರು. ತನ್ನ ಮುಖ ಇರುವ ತಂಡ ಎಂದ.

"ನಿಮ್ಮ ಮುಖದ್ದಾ? ಹಾಗಾದ್ರೆ ಏನೂ ಆಗಲ್ಲ ಬಿಡಿ" ಎಂದರು ಮೇಡಂ. "ಅದರಲ್ಲಿ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಖಾಲಿ ಸೀಸೆ. ತುಂಬೋ ಯಂತ್ರ ಕಟ್ಟಿಕೊಂಡಿತ್ತು, ಬರೀ ನೀರು ಬಿದ್ದು ಒಣಗಿಹೋಗಿದೆ. ಜೀವಕೋಶ ಮಿಸುಕಾಡ್ತಾನೇ ಇಲ್ಲ ಅಂತ ನಿನ್ನೆಯಿಂದ ಎಲ್ಲಾ ಕಡೆಯಿಂದ ಬಯ್ತಿದ್ದಾರೆ. ಗೆರೆ ಮಟ್ಟಸವಾಗಿ ಮಲಗಿತ್ತಲ್ರೀ, ನೋಡಲಿಲ್ವಾ? ಇಂಥ ಶುದ್ಧತೆ ಕಂಡಿಲ್ಲ ಅಂತ ಬೇರೆ ಬರೆದಿದ್ದೀರ. ನಾಳೆ ಬನ್ನಿ, ಮಾಲೀಕರು ಕಾಯ್ತಿದ್ದಾರೆ."

ಫೋನು ಕಟ್ಟಾಯಿತು. ಕಾಂಪೌಂಡರು ಒಂದು ಸೀಸೆಯನ್ನು ಮೆಲ್ಲಗೆ ಬೆಳಕಿಗೆ ಹಿಡಿದು, ತಾನು ಮೊದಲ ದಿನವೇ ಹೇಳಿದ್ದೆ ಎಂಬುದನ್ನು ನೆನಪಿಸಲು ಇದು ಸಮಯವಲ್ಲವೆಂದು ತಿಳಿದು ಕೆಳಗಿಟ್ಟರು. ಹೆಂಡತಿ ಅಳು ನಿಲ್ಲಿಸಿ ಗಂಡನನ್ನು ಕಣ್ಣು ಕಣ್ಣು ಬಿಟ್ಟು ನೋಡುತ್ತಿದ್ದಳು. ಮಾವನ ಎದೆಯ ಹಿಡಿತ ಬಿಟ್ಟಿತು. ಎಡಗಣ್ಣು ತಿಳಿಯಾಯಿತು.

ಅಂಟಣ್ಣನಿಗೆ ಮೊದಲು ಬಂದದ್ದು ಸಮಾಧಾನ. ಮಾವ ಬದುಕಿದರು. ಅದರ ಬೆನ್ನಿಗೇ ತನ್ನ ಗತಿ ಏನೆಂಬುದು ಹೊಳೆಯಿತು. ನಾಳೆ ಕೆಲಸ ಇರುವುದಿಲ್ಲ, ಅದು ಇರಲಿ. ಇನ್ನು ಗೋಡೆಯೇ ಗತಿ. ಇಲ್ಲ, ಗೋಡೆಗೆ ಹೇಳುವಷ್ಟಾದರೂ ಹೇಳುತ್ತಾರೆಯೋ ಇಲ್ಲವೋ. ಅವನು ಚಪ್ಪಲಿಯ ಕಡೆಗೆ ಸರಿದ.

ಮಾವ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದರು. ಅವರ ಮುಖ ನೋಡಿದರೆ, ಇಡೀ ಜೀವಮಾನ ಹಿಡಿದು ದಂಡ ಹಾಕಿದ ಅಂಗಡಿಯವರೆಲ್ಲ ಸಾಲಾಗಿ ಬಂದು ನಿಂತು ನಗುತ್ತಿರುವುದು ಅವರಿಗೆ ಕಾಣುತ್ತಿದ್ದಂತಿತ್ತು. ಚಿಟಿಕೆ ಕಡಿಮೆಯಾದರೆ ಬಿಡದವರಿಗೆ, ಅವರ ಮನೆಯಲ್ಲೇ, ಅವರ ತೋಳಿಗೇ, ಅಳಿಯ ಪೂರ್ತಿ ಸೊನ್ನೆ ತೂಗಿ ಕೊಟ್ಟಿದ್ದ. ಅದೂ ಮುಖ ಅಚ್ಚುಹಾಕಿಸಿ. ಅವರ ಮೂಗಿನ ಹೊಳ್ಳೆ ಅರಳಿತು. ಅವರು ಮಗಳ ಕಡೆ ತಿರುಗಿದರು.

"ನಿನ್ನ ಗಂಡನಿಗೆ ಹೇಳು..." ಎಂದರು.

ಅಂಟಣ್ಣ ಅಷ್ಟು ಕೇಳಿ ಬಾಗಿಲು ದಾಟಿದ. ಮುಂದಿನದು ಕೇಳುವ ಚೈತನ್ಯ ಅವನಲ್ಲಿರಲಿಲ್ಲ. ಕಾಲಿಗೆ ಒಂದೇ ಚಪ್ಪಲಿ ಸಿಕ್ಕಿತ್ತು, ಅದರಲ್ಲೇ ಮೆಟ್ಟಿಲಿಳಿಯತೊಡಗಿದ. ಒಳಗೆ ಮಾತು ಅರ್ಧಕ್ಕೇ ನಿಂತಿತು. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಾಯಿತು. ಆಮೇಲೆ ಅವನ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ ಕೇಳಿಸಿತು.

ಅವನು ಬೀದಿಗೆ ಬಿದ್ದು ಓಡಿದ. ಹೆಂಡತಿ ಮತ್ತು ಕಾಂಪೌಂಡರು ಬಾಲ್ಕನಿಗೆ ಬಂದು ಕಂಬಿ ಹಿಡಿದು, ಬಾಯಿ ತೆರೆದು ನಿಂತರು. ಕೆಳಗೆ ಮಾವ, ಮೊಣಕಾಲೆತ್ತಿ ಎತ್ತಿ, ತರಕಾರಿ ಗಾಡಿಯನ್ನು ಸುತ್ತುಹಾಕಿ, ಚರಂಡಿಯನ್ನು ಹಾರಿ ಬರುತ್ತಿದ್ದರು. ಊರುಗೋಲು ಮಹಡಿಯ ಮನೆಯಲ್ಲೇ, ಉರುಳಿದ ಕುರ್ಚಿಯ ಪಕ್ಕದಲ್ಲಿ ಬಿದ್ದುಕೊಂಡಿತ್ತು. ಆ ಬೀದಿಯ ಕ್ಷೌರದಂಗಡಿಯೊಂದರಿಂದ ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡವರೂ ಎದ್ದು ಬಂದು ನೋಡಿದರು. ಅಂಟಣ್ಣ ತಿರುಗಿ ನೋಡಲಿಲ್ಲ. ಮೂಲೆ ತಿರುಗಿದರೆ ಬಸ್ಸು, ಬಸ್ಸು ಸಿಕ್ಕಿದರೆ ಬಚಾವು.

"ಏಯ್, ನಿಲ್ಲಯ್ಯಾ" ಎಂದು ಹಿಂದಿನಿಂದ ಮಾವ ಕೂಗಿದರು. "ನಿಲ್ಲು ಅಂದೆ. ನಿನಗೇ ಕಣಯ್ಯಾ ಹೇಳ್ತಿರೋದು, ನಿನಗೇ."

ಬಸ್ಸು ಬಂದು ಬಾಗಿಲು ತೆರೆದಿತ್ತು. ಅಂಟಣ್ಣ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಿದ್ದವನು ಅದನ್ನು ಕೆಳಗಿಳಿಸಿ, ಮಾವನ ಕಡೆ ತಿರುಗಿ ನಿಂತುಕೊಂಡ.